ಗುರ್ಲಹೊಸೂರಿನ ಯಂತ್ರಶಿಲ್ಪಿ ಲಕ್ಷ್ಮಣರಾವ್ ಕಿರ್ಲೋಸ್ಕರ

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಕನ್ನಡಿಗರಾದ ನಾವು, ಎಲ್ಲಿಯೇ ನೆಲೆಸಿರಲಿ, ನಮ್ಮ ಕವಿಗಳನ್ನೂ ಶರಣರನ್ನೂ ಏಕೀಕರಣಕ್ಕಾಗಿ ದುಡಿದ ಹಿರಿಯರನ್ನೂ ನೆನೆಯುತ್ತೇವೆ. ಅದು ಯೋಗ್ಯವೇ ಸರಿ. ಆದರೆ ನಾಡನ್ನು ಕಟ್ಟಿದವರ ಸಾಲಿನಲ್ಲಿ ಸುತ್ತಿಗೆ ಹಿಡಿದವರೂ ಇದ್ದಾರೆ, ಕುಲುಮೆಯ ಮುಂದೆ ಬೆವರಿಳಿಸಿದವರೂ ಇದ್ದಾರೆ. ಅವರ ಹೆಸರು ನಮ್ಮ ಸಮಾರಂಭಗಳಲ್ಲಿ ಕೇಳಿಬರುವುದು ಕಡಿಮೆ. ಅಹಮದಾಬಾದಿನ ಅಂಚಿನ ಈ ಬೋಪಾಲಿನಲ್ಲಿ (ಇದು ಮಧ್ಯಪ್ರದೇಶದ ಭೋಪಾಳವಲ್ಲವೆಂದು ಊರಿನ ಬಂಧುಗಳಿಗೆ ನಾವು ಎಷ್ಟು ಸಲ ತಿಳಿಸಿ ಹೇಳಿಲ್ಲ!) ಮನೆ ಮಾಡಿರುವ ನಮ್ಮಲ್ಲಿ ಅನೇಕರು ಉದ್ಯೋಗದ ಕೈ ಹಿಡಿದು ಬಂದವರು. ಆದುದರಿಂದ ಈ ಸಲದ ಸಂಚಿಕೆಯಲ್ಲಿ ಯಂತ್ರೋದ್ಯಮದ ಹಿರಿಯರೊಬ್ಬರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಮಗೆ ತೋರಿತು.

ಕಿರ್ಲೋಸ್ಕರ ಎಂಬ ಹೆಸರು ಯಾರಿಗೆ ಗೊತ್ತಿಲ್ಲ? ಬಾವಿಯ ದಂಡೆಯ ಪಂಪಿನ ಮೇಲೆ, ಹಿಟ್ಟಿನ ಗಿರಣಿಯ ಎಂಜಿನಿನ ಮೇಲೆ, ವಿದ್ಯುತ್ತು ಹೋದಾಗ ಗುಡುಗುಟ್ಟಿ ಏಳುವ ಜನರೇಟರಿನ ಪೆಟ್ಟಿಗೆಯ ಮೇಲೆ ಆ ಹೆಸರನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯರು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರೆಂಬುದೂ, ಅವರ ಮೊದಲ ಕಾರ್ಖಾನೆ ಬೆಳಗಾವಿಯಲ್ಲಿತ್ತೆಂಬುದೂ, ಅದು ಅಲ್ಲಿಂದ ಏಳಬೇಕಾಗಿ ಬಂದಿತೆಂಬುದೂ ಎಷ್ಟು ಜನರಿಗೆ ಗೊತ್ತು?

ಬಾಲ್ಯ ಮತ್ತು ಮುಂಬಯಿ ವಾಸ

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದ್ದು 1869ನೆಯ ಇಸವಿ ಜೂನ್ 20ರಂದು, ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ. ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಆ ಸೀಮೆ ಪರಿಚಿತವೇ. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಮನೆಯ ಮಾತು ಮರಾಠಿ, ಸುತ್ತಲಿನ ಮಾತು ಕನ್ನಡ. ನಮ್ಮ ಗಡಿ ಭಾಗದ ಬದುಕು ಅಂದಿನಿಂದಲೂ ಹೀಗೆಯೇ. ತಂದೆ ಕಾಶೀನಾಥಪಂತರು ವೇದಾಂತವನ್ನು ಬಲ್ಲ ಪಂಡಿತರು. ಮಗನಾದರೋ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಹೆಚ್ಚು ಆಸಕ್ತಿ ಉಳ್ಳವನು.

1885ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಚಿತ್ರಕಾರನಾಗಬೇಕೆಂಬ ಹಂಬಲ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಕೆಲವು ಬಣ್ಣಗಳ ಭೇದ ಕಾಣದೆಂಬುದು ತಿಳಿದುಬಂದಿತು. ಬಣ್ಣ ತಿಳಿಯದವನಿಗೆ ಕುಂಚವೇಕೆ? ಬೇರೊಬ್ಬರಾಗಿದ್ದರೆ ಊರಿಗೆ ಹಿಂದಿರುಗುತ್ತಿದ್ದರೇನೋ. ಲಕ್ಷ್ಮಣರಾಯರು ಬಣ್ಣ ಬೇಡದ ಚಿತ್ರವನ್ನು ಹುಡುಕಿದರು. ಅದು ಯಂತ್ರಗಳ ರೇಖಾಚಿತ್ರ. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನು ಕಲಿತು, ಅಲ್ಲಿಯೇ ಅದನ್ನು ಕಲಿಸುವ ಶಿಕ್ಷಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿನ ಯಂತ್ರಶಾಲೆಯಲ್ಲಿ ನಿಂತು, ಕೈಗೆ ಎಣ್ಣೆ ಮೆತ್ತಿಕೊಂಡು, ಯಂತ್ರಗಳನ್ನು ಬಿಚ್ಚುವುದನ್ನೂ ಕೂಡಿಸುವುದನ್ನೂ ಕಲಿತರು. ಬಿಳಿಯ ಅಂಗಿಯ ಕೆಲಸವೇ ಹೆಚ್ಚಿನದೆಂದು ತಿಳಿದಿದ್ದ ಆ ಕಾಲದಲ್ಲಿ ಓದಿದ ಮನೆತನದ ತರುಣನೊಬ್ಬನು ಹೀಗೆ ಮಾಡುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಇದೇ ದಿನಗಳಲ್ಲಿ ಸೈಕಲ್ ಎಂಬ ಹೊಸ ಗಾಡಿ ಅವರ ಕಣ್ಣಿಗೆ ಬಿದ್ದಿತು. ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರರಾಯರಿಗೆ, ಅಂದರೆ ರಾಮುಅಣ್ಣನವರಿಗೆ, ಮುಂಬಯಿಯಿಂದ ಸೈಕಲ್‌ಗಳನ್ನು ಕಳುಹಿಸತೊಡಗಿದರು. ಅಣ್ಣನವರು ಅವನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುತ್ತಿದ್ದರು. ಅಂಗಡಿಗೆ ಕಿರ್ಲೋಸ್ಕರ ಬ್ರದರ್ಸ್ ಎಂದು ಹೆಸರು. ಕಿರ್ಲೋಸ್ಕರ ಸಮೂಹವು ತನ್ನ ಆಯುಸ್ಸನ್ನು ಈ ಸೈಕಲ್ ಅಂಗಡಿಯ 1888ನೆಯ ಇಸವಿಯಿಂದಲೇ ಎಣಿಸುತ್ತದೆ.

ಶಾಲೆಯಲ್ಲಿ ಬಡ್ತಿಯ ಸಮಯ ಬಂದಾಗ ಅರ್ಹರಾಗಿದ್ದ ಲಕ್ಷ್ಮಣರಾಯರನ್ನು ಬಿಟ್ಟು ಆಂಗ್ಲೋ-ಇಂಡಿಯನ್ ಒಬ್ಬರಿಗೆ ಆ ಸ್ಥಾನವನ್ನು ಕೊಟ್ಟರು. ಪರಾಧೀನ ದೇಶದಲ್ಲಿ ಇಂಥದು ದಿನನಿತ್ಯದ ಮಾತು. ಹೆಚ್ಚಿನವರು ನುಂಗಿಕೊಳ್ಳುತ್ತಿದ್ದರು. ಅವರು ನೌಕರಿಯನ್ನೇ ಬಿಟ್ಟು ಬೆಳಗಾವಿಯ ದಾರಿ ಹಿಡಿದರು.

ಬೆಳಗಾವಿಯ ಕಬ್ಬಿಣದ ನೇಗಿಲು

ಬೆಳಗಾವಿಯಲ್ಲಿ ಸೈಕಲ್ ಅಂಗಡಿಯ ಬದಿಗೆ ಒಂದು ಚಿಕ್ಕ ಯಂತ್ರಶಾಲೆ ಹುಟ್ಟಿಕೊಂಡಿತು. ಮೊದಲು ತಯಾರಾದದ್ದು ದನಗಳಿಗೆ ಮೇವು ಕತ್ತರಿಸುವ ಯಂತ್ರ. ಅನಂತರ ಅವರು ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಎರೆ ಭೂಮಿಯನ್ನು ಬಲ್ಲವರಿಗೆ ಇದರ ಮಹತ್ವ ತಿಳಿದೀತು. ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಕಲ್ಲಾಗುತ್ತದೆ. ಕರಿಕೆಯಂಥ ಹುಲ್ಲುಗಳ ಬೇರು ಆಳಕ್ಕೆ ಇಳಿದಿರುತ್ತದೆ. ಕಟ್ಟಿಗೆಯ ನೇಗಿಲು ಮೇಲ್ಮಣ್ಣನ್ನು ಗೀರುತ್ತದೆಯೇ ಹೊರತು ಹೆಂಟೆಯನ್ನು ಬುಡಮೇಲು ಮಾಡಿ ಬೇರನ್ನು ಬಿಸಿಲಿಗೆ ಒಡ್ಡಲಾರದು. ಕಬ್ಬಿಣದ ನೇಗಿಲು ಅದನ್ನು ಮಾಡಬಲ್ಲುದು.

ಆದರೆ ರೈತರು ಅದನ್ನು ಮುಟ್ಟಲೊಲ್ಲರು. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷವೇರಿ ಬೆಳೆ ಕೆಡುತ್ತದೆಂಬ ನಂಬಿಕೆ ಬಲವಾಗಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ಕೇಳಿ ರೈತರನ್ನು ನಗೆಯಾಡುವುದು ಸುಲಭ. ಆದರೆ ಒಂದು ಹಂಗಾಮು ಕೆಟ್ಟರೆ ವರ್ಷದ ಅನ್ನವೇ ಹೋಗುವವನು ಹೊಸತನ್ನು ಅನುಮಾನಿಸುವುದು ಸಹಜ. ಲಕ್ಷ್ಮಣರಾಯರು ಅವರೊಡನೆ ವಾದಕ್ಕೆ ನಿಲ್ಲದೆ ನೇಗಿಲನ್ನು ತಿದ್ದಿದರು. ಕುಳ ಬೇಗ ಸವೆಯದಂತೆ, ಮುರಿದ ಭಾಗವೊಂದನ್ನೇ ಬದಲಿಸಬರುವಂತೆ, ನಮ್ಮ ಎತ್ತುಗಳು ಎಳೆಯಬಲ್ಲಂತೆ ಅದನ್ನು ಮಾಡಬೇಕಾಗಿತ್ತು. ಬಳಸುವವನ ಹೊಲ, ಅವನ ಎತ್ತು, ಅವನ ಹಣದ ಚೀಲ ಈ ಮೂರನ್ನೂ ನೋಡಿ ಯಂತ್ರವನ್ನು ಮಾಡಬೇಕೆಂಬ ಪಾಠವನ್ನು ಅವರು ಇಲ್ಲಿಯೇ ಕಲಿತರು. ಮುಂದೆ ಅವರ ಮನೆತನ ಮಾಡಿದ ಎಂಜಿನುಗಳಿಗೂ ಇದೇ ಪಾಠ ಅಡಿಪಾಯವಾಯಿತು.

ವ್ಯಾಪಾರ ಕುದುರುತ್ತಿರುವಾಗಲೇ ಇನ್ನೊಂದು ಪೆಟ್ಟು ಬಿದ್ದಿತು. ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ಬಿಡಬೇಕೆಂದು ಅಪ್ಪಣೆಯಾಯಿತು. ಬಡ್ತಿ ತಪ್ಪಿದಾಗ ಅವರು ಒಬ್ಬರೇ ಎದ್ದು ಬಂದಿದ್ದರು. ಈಗ ಲೇತು, ಕುಲುಮೆ, ಕೆಲಸಗಾರರು, ಅವರ ಹೆಂಡಿರು ಮಕ್ಕಳು ಎಲ್ಲರ ಭಾರ ತಲೆಯ ಮೇಲಿತ್ತು.

ಕಳ್ಳಿಯ ಕಾಡಿನಲ್ಲಿ ಒಂದು ಊರು

ಈ ಸಂಕಟದಲ್ಲಿ ಕೈಹಿಡಿದವರು ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರವನ್ನು ದೇಶದಲ್ಲೆಲ್ಲ ಪ್ರಚಾರ ಮಾಡಿದವರೂ ಅವರೇ. ಅವರು ಸಾಲವಾಗಿ ಹಣವನ್ನೂ, ಕುಂಡಲ್ ರೋಡ್ ಎಂಬ ಚಿಕ್ಕ ರೈಲು ನಿಲ್ದಾಣದ ಬದಿಯಲ್ಲಿ 32 ಎಕರೆ ಬರಡು ನೆಲವನ್ನೂ ಕೊಟ್ಟರು. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ನೆಲದ ತುಂಬ ಕಳ್ಳಿ, ಕಳ್ಳಿಯ ತುಂಬ ಹಾವು, ನೀರಿನ ಹೆಸರಿಲ್ಲ. 1910ರ ಮಾರ್ಚಿಯಲ್ಲಿ ಬೆಳಗಾವಿಯಿಂದ ಬಂದ ಕೆಲವೇ ಕುಟುಂಬಗಳು ಅಲ್ಲಿ ಬಿಡಾರ ಹೂಡಿದವು.

ಪರಸ್ಥಳಕ್ಕೆ ಬಂದು ಮನೆ ಮಾಡಿದ ನಮಗೆ ಆ ದಿನಗಳು ಹೇಗಿದ್ದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವಾದರೂ ಕಟ್ಟಿದ ಮನೆಗೆ ಬಂದೆವು. ಅವರು ಗುಡಿಸಲು ಹಾಕಿಕೊಂಡು ಕಳ್ಳಿ ಕಡಿಯುತ್ತ ಕಾರ್ಖಾನೆಯ ಗೋಡೆ ಎಬ್ಬಿಸಿದರು. ಅಣ್ಣ ರಾಮುಅಣ್ಣನವರು ಊರಿನ ವ್ಯವಸ್ಥೆ ನೋಡಿಕೊಂಡರು. ಶಂಭೂರಾವ್ ಜಾಂಭೇಕರ, ಮಂಗೇಶರಾವ್ ರೇಗೆ, ಅನಂತರಾವ್ ಫಳಣೀಕರ ಎಂಬ ಸಂಗಾತಿಗಳು ಹೆಗಲು ಕೊಟ್ಟರು. ಇವರಲ್ಲಿ ದೊಡ್ಡ ಪದವಿ ಪಡೆದು ಬಂದವರು ಇರಲಿಲ್ಲ. ಮನುಷ್ಯನ ಕೈಯಲ್ಲಿ ಯಾವ ಗುಣವಿದೆಯೆಂದು ನೋಡಿ ಅದಕ್ಕೆ ತಕ್ಕ ಕೆಲಸ ಒಪ್ಪಿಸುವುದು ಲಕ್ಷ್ಮಣರಾಯರ ರೀತಿ. ಮನೆಯೊಡತಿ ರಾಧಾಬಾಯಿಯವರೂ ಆ ಹೊಸ ಊರಿನ ಕಷ್ಟದಲ್ಲಿ ಪಾಲುಗಾರರಾಗಿದ್ದರು.

ಊರಿಗೆ ಕಿರ್ಲೋಸ್ಕರವಾಡಿ ಎಂದು ಹೆಸರಾಯಿತು. ಮುಂದೆ ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂದಿತು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಲಕ್ಷ್ಮಣರಾಯರು ಕಟ್ಟುಮಾಡಿದರು. ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರನ್ನು ಕರೆದು ರಾತ್ರಿಯ ಕಾವಲಿಗೆ ನೇಮಿಸಿದರು. ಕಳ್ಳನೆಂದು ಹೆಸರಾದವನ ಕೈಗೆ ಬೀಗದ ಕೈ ಕೊಡುವುದು ಎಂಥ ಧೈರ್ಯವೆಂದು ನಾವು ಯೋಚಿಸಬೇಕು. ಮನುಷ್ಯನಲ್ಲಿ ನಂಬಿಕೆಯಿಟ್ಟರೆ ಅವನು ಅದಕ್ಕೆ ತಕ್ಕವನಾಗುತ್ತಾನೆಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು.

ಮೊದಲನೆಯ ಮಹಾಯುದ್ಧ ಬಂದಾಗ ಹೊರದೇಶದ ಬೀಡು ಕಬ್ಬಿಣ ಸಿಗದಾಯಿತು. ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಕೋಟೆಗಳಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಅವರಿಗೆ ಕೊಟ್ಟರು. ತೋಪು ಕರಗಿ ನೇಗಿಲಾಯಿತು. ನೇಗಿಲಿನ ಬೆನ್ನಿಗೆ ಶೇಂಗಾ ಸುಲಿಯುವ ಯಂತ್ರ, ಕಬ್ಬಿನ ಗಾಣ, ಕೈಪಂಪುಗಳು ಬಂದವು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಕಿರ್ಲೋಸ್ಕರ ಖಬರ್ ಎಂಬ ಪತ್ರಿಕೆಯೂ ಹೊರಟಿತು. ಅದನ್ನು ನಡೆಸಿದ ಶಂಕರರಾವ್ ಕಿರ್ಲೋಸ್ಕರರು ಮುಂದೆ ಸ್ತ್ರೀ, ಮನೋಹರ ಎಂಬ ಮಾಸಿಕಗಳನ್ನೂ ತಂದರು.

ಬಾವಿಯ ಮೇಲೆ ಎಂಜಿನು

ಈಗ ಎಂಜಿನಿನ ಮಾತಿಗೆ ಬರೋಣ. ನೇಗಿಲು ಹೊಲವನ್ನು ತಿರುವಬಲ್ಲುದು, ನೀರನ್ನು ತರಲಾರದು. ನಮ್ಮ ಕಡೆ ಮೊಟ್ಟೆಯೆಂದೂ ಕಪಿಲೆಯೆಂದೂ ಕರೆಯುವ, ಗುಜರಾತಿನಲ್ಲಿ ಕೋಸ್ ಎನ್ನುವ ತೊಗಲಿನ ಚೀಲದಿಂದ ಒಂದು ಜೊತೆ ಎತ್ತು ದಿನವೆಲ್ಲ ಏರಿ ಇಳಿದರೂ ಅಷ್ಟಿಷ್ಟೇ ನೆಲ ತೋಯುತ್ತಿತ್ತು. ಹಳ್ಳಿಗೆ ವಿದ್ಯುತ್ತು ಬರುವುದು ದೂರದ ಮಾತು. ಇಂಥ ಕಡೆ ತಾನೇ ಶಕ್ತಿಯನ್ನು ಹುಟ್ಟಿಸಿಕೊಳ್ಳುವ ಚಿಕ್ಕ ಎಂಜಿನೊಂದೇ ದಾರಿ.

ಜರ್ಮನಿಯ ರುಡಾಲ್ಫ್ ಡೀಸೆಲ್ಲನು 1890ರ ದಶಕದಲ್ಲಿ ತನ್ನ ಎಂಜಿನನ್ನು ರೂಪಿಸಿದನು. ಅದರ ತತ್ವ ಸರಳವಾದದ್ದು. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿ ಬಿಸಿಯಾಗುವುದನ್ನು ನಾವು ಕಂಡಿದ್ದೇವೆ. ಎಂಜಿನಿನಲ್ಲಿ ಪಿಸ್ಟನ್ನು ಗಾಳಿಯನ್ನು ಇನ್ನೂ ಎಷ್ಟೋ ಪಾಲು ಒತ್ತುತ್ತದೆ. ಆ ಬಿಸಿ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯಿಲ್ಲದೆಯೇ ಅದು ಹೊತ್ತಿಕೊಂಡು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಕಿಡಿ ಹೊತ್ತಿಸುವ ಸೂಕ್ಷ್ಮ ಉಪಕರಣಗಳು ಬೇಕಿಲ್ಲದ್ದರಿಂದ ಹಳ್ಳಿಯ ಧೂಳಿನಲ್ಲಿಯೂ ಇದು ನಡೆಯುತ್ತದೆ. ಆದರೆ ಸಿಲಿಂಡರು, ಪಿಸ್ಟನ್ನು, ಎಣ್ಣೆಯನ್ನು ಹೊಡೆಯುವ ಪಂಪು ಇವು ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಕೂಡಬೇಕು. ಅಂಥ ಕೆಲಸ ಭಾರತೀಯರಿಂದ ಆಗದೆಂದು ಬಹುಕಾಲ ನಂಬಿದ್ದರು. ಇಂಗ್ಲೆಂಡಿನ ಲಿಸ್ಟರ್, ಪೆಟ್ಟರ್, ರಸ್ಟನ್ ಮೊದಲಾದ ಕಂಪನಿಗಳ ಎಂಜಿನುಗಳೇ ಹಡಗಿನಿಂದ ಇಳಿಯುತ್ತಿದ್ದವು.

ಈ ನಂಬಿಕೆಯನ್ನು ಮುರಿದವರಲ್ಲಿ ಕಿರ್ಲೋಸ್ಕರರು ಒಬ್ಬರೇ ಅಲ್ಲ. ಸಾತಾರೆಯ ಕಡೆ ಸರ್ ಧನಜೀಶಾ ಕೂಪರರ ಕಾರ್ಖಾನೆ 1930ರ ದಶಕದಲ್ಲಿಯೇ ಎಂಜಿನು ತಯಾರಿಸಿತ್ತು. ಅದನ್ನು ನಾವು ಮರೆಯಬಾರದು. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಪದವಿ ಪಡೆದು ಬಂದು ತಂದೆಯ ಕಾರ್ಖಾನೆಯಲ್ಲಿ ನಿಂತರು. 1946ರಲ್ಲಿ, ಬ್ರಿಟಿಷ್ ಕಂಪನಿಯೊಂದರ ತಾಂತ್ರಿಕ ಸಹಕಾರ ಪಡೆದು, ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಕಂಪನಿಯನ್ನು ಸ್ಥಾಪಿಸಿದರು. ಬೆಳಗಾವಿಯ ಚಿಕ್ಕ ಯಂತ್ರಶಾಲೆಯ ಕುಡಿ ಈ ಎತ್ತರಕ್ಕೆ ಹಬ್ಬಿದ್ದನ್ನು ಮುದುಕರಾದ ಲಕ್ಷ್ಮಣರಾಯರು ಕಣ್ಣಾರೆ ಕಂಡರು.

ಮತ್ತೆ ಕನ್ನಡ ನೆಲಕ್ಕೆ

ಬೆಳಗಾವಿಯಿಂದ ಎದ್ದುಹೋದ ಉದ್ಯಮವು ಮೂರು ದಶಕಗಳ ತರುವಾಯ ಕನ್ನಡ ನೆಲಕ್ಕೆ ಮರಳಿದ್ದು ನಮಗೆ ಸಂತೋಷದ ವಿಷಯ. 1941ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದದ್ದು ಲೇತು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರ. ದೇಶದ ಎಷ್ಟೋ ಯಂತ್ರಶಾಲೆಗಳಲ್ಲಿ ತರುಣರು ಹರಿಹರದ ಲೇತಿನ ಮೇಲೆ ಕೆಲಸ ಕಲಿತರು. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಅದನ್ನು ನಂಬಿ ಬೆಳೆದ ಯಂತ್ರಾಪುರದ ಮನೆಗಳಿಗೆ ಅದೆಂಥ ದಿನಗಳೆಂಬುದು ಹರಿಹರ, ದಾವಣಗೆರೆಗಳ ಬಂಧುಗಳಿಗೆ ತಿಳಿದೇ ಇದೆ.

1946ರಲ್ಲಿಯೇ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಕಂಪನಿ ಹುಟ್ಟಿತು. ಅದನ್ನು ಬೆಳೆಸಿದವರು ಲಕ್ಷ್ಮಣರಾಯರ ಮತ್ತೊಬ್ಬ ಮಗ ರವಿ ಕಿರ್ಲೋಸ್ಕರರು. ಇಲ್ಲಿ ಮೋಟಾರುಗಳೂ ಆಲ್ಟರ್ನೇಟರುಗಳೂ ತಯಾರಾದವು. ಜನರೇಟರೆಂದು ನಾವು ಕರೆಯುವ ಯಂತ್ರವು ನಿಜವಾಗಿ ಎರಡು ಯಂತ್ರಗಳ ಜೋಡಿ: ಎಣ್ಣೆಯಿಂದ ತಿರುಗುವ ಎಂಜಿನು ಒಂದು, ಆ ತಿರುಗುವಿಕೆಯನ್ನು ವಿದ್ಯುತ್ತಾಗಿಸುವ ಆಲ್ಟರ್ನೇಟರು ಇನ್ನೊಂದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ನಾಲ್ಕು ಧ್ರುವಗಳ ಆಲ್ಟರ್ನೇಟರು ಇದನ್ನು ಕೊಡಬೇಕಾದರೆ ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಹಳೆಯ ಲಿಸ್ಟರ್ ಮಾದರಿಯ ಎಂಜಿನು ತಿರುಗುತ್ತಿದ್ದುದು ನಿಮಿಷಕ್ಕೆ 650 ಸುತ್ತು. ಅದಕ್ಕೆ ಆಲ್ಟರ್ನೇಟರು ಹೂಡಲು ನಡುವೆ ಬೆಲ್ಟು ಬೇಕು. 1500 ಸುತ್ತಿನ ಎಂಜಿನು ಬಂದ ಮೇಲೆ ಎರಡನ್ನೂ ನೇರವಾಗಿ ಒಂದೇ ದಂಡಕ್ಕೆ ಜೋಡಿಸಬಹುದಾಯಿತು. ಹೀಗೆ ಪುಣೆಯ ಎಂಜಿನಿಗೆ ಬೆಂಗಳೂರಿನ ಆಲ್ಟರ್ನೇಟರು ಹೆಗಲೆಣೆಯಾಗಲು ದಾರಿಯಾಯಿತು.

ಇನ್ನೂ ಒಂದು ಸಂಗತಿ. ಬೀಡು ಕಬ್ಬಿಣಕ್ಕಾಗಿ ತೋಪು ಕರಗಿಸಿದ ಮನೆತನದ ಹೆಸರಿನಲ್ಲಿ 1990ರ ದಶಕದಲ್ಲಿ ಕೊಪ್ಪಳದ ಬಳಿಯ ಬೇವಿನಹಳ್ಳಿಯಲ್ಲಿ ಬೀಡು ಕಬ್ಬಿಣದ ಕಾರ್ಖಾನೆಯೇ ಎದ್ದಿತು.

ಗುಜರಾತಿನ ನೆಲದಲ್ಲಿ

ನಾವು ಅನ್ನ ಉಣ್ಣುತ್ತಿರುವ ಈ ಗುಜರಾತು ಎಂಜಿನಿನ ಕಥೆಯಲ್ಲಿ ಹಿಂದೆ ಬಿದ್ದ ನಾಡಲ್ಲ. ಸೌರಾಷ್ಟ್ರದ ಶೇಂಗಾ ಹೊಲಗಳ ನೀರಡಿಕೆಯನ್ನು ಕಂಡು ರಾಜಕೋಟೆಯ ಕುಶಲಿಗಳು ಸ್ವಾತಂತ್ರ್ಯದ ತರುವಾಯ ಲಿಸ್ಟರ್ ಮಾದರಿಯ ಎಂಜಿನನ್ನು ತಾವೇ ಎರಕ ಹೊಯ್ದು, ಕಡೆದು, ಕೂಡಿಸತೊಡಗಿದರು. ಒಂದು ಮನೆಯವರು ಪಿಸ್ಟನ್ನು, ಇನ್ನೊಂದು ಮನೆಯವರು ದೊಡ್ಡ ಗಾಲಿ, ಮತ್ತೊಬ್ಬರು ಕವಾಟ ಎಂದು ಓಣಿ ಓಣಿಯೇ ಕೆಲಸ ಹಂಚಿಕೊಂಡಿತು. ಫೀಲ್ಡ್ ಮಾರ್ಷಲ್ ಮೊದಲಾದ ಹೆಸರುಗಳು ಅಲ್ಲಿಂದಲೇ ದೇಶಕ್ಕೆಲ್ಲ ಪರಿಚಿತವಾದವು. ಹಳ್ಳಿಯ ದಾರಿಗಳಲ್ಲಿ ಟಕಟಕನೆ ಹೋಗುವ ಛಕಡೋ ಗಾಡಿಯೂ ಒಂಟಿ ಸಿಲಿಂಡರಿನ ಎಂಜಿನಿನ ಕೂಸೇ. ಪುಣೆಯ ದೊಡ್ಡ ಕಾರ್ಖಾನೆಗೆ ರಾಜಕೋಟೆಯ ಚಿಕ್ಕ ಯಂತ್ರಶಾಲೆಗಳು ಸ್ಪರ್ಧಿಗಳೂ ಹೌದು, ಒಂದು ಅರ್ಥದಲ್ಲಿ ಬಂಧುಗಳೂ ಹೌದು. ಏಕೆಂದರೆ ಎರಡೂ ಕಡೆ ರೈತನ ಬಾವಿಯೇ ಗುರು. ನರ್ಮದೆಯ ನೀರನ್ನು ಎತ್ತರದ ಸೌರಾಷ್ಟ್ರಕ್ಕೆ ಏರಿಸುವ ಶಾಖಾ ಕಾಲುವೆಗೆ ಭಾರಿ ಪಂಪುಗಳನ್ನು ಒದಗಿಸಿದ್ದು ಅದೇ ಕಿರ್ಲೋಸ್ಕರ ಬ್ರದರ್ಸ್ ಎಂಬುದನ್ನೂ ಇಲ್ಲಿ ಹೇಳಬೇಕು.

ಕೊನೆಯ ದಿನಗಳು

ಲಕ್ಷ್ಮಣರಾಯರ ಮುಪ್ಪಿನಲ್ಲಿ ಎಲ್ಲಕ್ಕಿಂತ ಕ್ರೂರವಾದ ಪೆಟ್ಟು ಬಿದ್ದದ್ದು 1948ರಲ್ಲಿ. ಮಹಾತ್ಮಾ ಗಾಂಧಿಯವರ ಕೊಲೆಯಾದ ಮೇಲೆ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮೇಲೆ ತಿರುಗಿಬಿದ್ದ ಗುಂಪುಗಳು ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿಯಿಟ್ಟವು. ಜಾತಿಯ ಮೇಲು ಕೀಳನ್ನು ತನ್ನ ಊರಿನಿಂದ ಹೊರಗಿಟ್ಟವರ ದುಡಿಮೆ ಜಾತಿಯ ಹೆಸರಿನಲ್ಲಿಯೇ ಸುಟ್ಟಿತು. ಅವರಿಗಾಗ ಎಪ್ಪತ್ತೆಂಟು ವಯಸ್ಸು ಮೀರಿತ್ತು. ಬೂದಿಯನ್ನು ಗುಡಿಸಿ ಕಾರ್ಖಾನೆಯನ್ನು ಮತ್ತೆ ಎಬ್ಬಿಸಲಾಯಿತು. ಅದು ಇಂದಿಗೂ ಅಲ್ಲಿದೆ.

1956ನೆಯ ಇಸವಿ ಸಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಅದಾದ ಐದು ವಾರಗಳಿಗೆ, ನವೆಂಬರ್ 1ರಂದು, ಅವರ ಹುಟ್ಟೂರು ಮುಂಬಯಿ ರಾಜ್ಯದಿಂದ ಹೊರಬಂದು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ಅಂದರೆ ಅವರ ಬಾಳಿನುದ್ದಕ್ಕೂ ಬೆಳಗಾವಿಯೂ ಅಹಮದಾಬಾದೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದವು. ಗುಜರಾತು ತನ್ನದೇ ರಾಜ್ಯವಾದದ್ದು 1960ರ ಮೇ 1ರಂದು. ಅವರ ಜನ್ಮಶತಾಬ್ದಿಯ 1969ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಮರಾಠಿ ಮನೆಮಾತಿನ ಈ ಹಿರಿಯರನ್ನು ಕನ್ನಡಿಗರ ಉತ್ಸವದಲ್ಲಿ ನಮ್ಮವರೆಂದು ನೆನೆಯುವ ಹಕ್ಕು ನಮಗುಂಟೇ? ಹುಟ್ಟಿದ ಊರು ನಮ್ಮದೆಂಬುದೊಂದೇ ಆಧಾರವಾದರೆ ಆ ಹಕ್ಕು ಬಡವಾದದ್ದು; ಬೆಳಗಾವಿ ಅವರನ್ನು ಉಳಿಸಿಕೊಳ್ಳಲಿಲ್ಲ. ಆದರೆ ಎರೆಯ ಹೊಲದಲ್ಲಿ ಅವರ ನೇಗಿಲು ಹಿಡಿದ ಕನ್ನಡದ ರೈತನಿಗೂ, ಹರಿಹರದ ಲೇತಿನ ಮೇಲೆ ಕೈ ಪಳಗಿಸಿಕೊಂಡ ಕನ್ನಡದ ಕೆಲಸಗಾರನಿಗೂ ಆ ಹಕ್ಕು ಧಾರಾಳವಾಗಿ ಇದೆ. ಅದೇ ಹಕ್ಕು ಸಾಂಗ್ಲಿಯ ಮರಾಠಿಗನಿಗೂ ಸೌರಾಷ್ಟ್ರದ ಗುಜರಾತಿಗೂ ಇದೆಯೆಂದರೆ ನಮ್ಮ ಪಾಲೇನೂ ಕಡಿಮೆಯಾಗುವುದಿಲ್ಲ. ಗಡಿಯ ವಾದಗಳನ್ನು ವಾದಿಸುವವರು ವಾದಿಸಲಿ. ಬಾವಿಯಿಂದ ಮೇಲೆ ಬಂದ ನೀರು ಯಾವ ಭಾಷೆಯದೆಂದು ಬೆಳೆ ಕೇಳುವುದಿಲ್ಲ.

ನಮ್ಮ ಮಕ್ಕಳು ಇಲ್ಲಿ ಹುಟ್ಟಿ ಗುಜರಾತಿ ಆಡುತ್ತ ಬೆಳೆಯುತ್ತಿದ್ದಾರೆ. ಊರನ್ನು ಬಿಟ್ಟುಬಂದೆವೆಂಬ ಅಳುಕು ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಆಗಾಗ ಏಳುವುದುಂಟು. ಊರು ಬಿಡಬೇಕಾಗಿ ಬಂದ ಲಕ್ಷ್ಮಣರಾಯರು ಸೇರಿದ ನೆಲವನ್ನು ಊರಾಗಿಸಿದರು. ಕಾಲ ಬಂದಾಗ ಅವರ ಮನೆತನ ಬಿಟ್ಟ ನಾಡಿಗೂ ಕಾಣಿಕೆ ಸಲ್ಲಿಸಿತು. ಈ ಎರಡೂ ಕೆಲಸ ನಮ್ಮ ಅಳವಿಗೆ ತಕ್ಕಂತೆ ನಮಗೂ ಸಾಧ್ಯ. ಇನ್ನು ಮುಂದೆ ನಮ್ಮ ವಸತಿಯ ಮೂಲೆಯಲ್ಲಿ ಜನರೇಟರು ಗುಡುಗಿದಾಗ, ಕಬ್ಬಿಣವನ್ನು ಕಂಡು ಹೆದರಿದ ರೈತನಿಗಾಗಿ ಎರಡು ವರ್ಷ ಕಾದ ಆ ಗುರ್ಲಹೊಸೂರಿನವರ ಹೆಸರನ್ನು ಮಕ್ಕಳಿಗೆ ಹೇಳೋಣ. ಅವರ ಪುಣ್ಯಸ್ಮರಣೆಗೆ ರಾಜ್ಯೋತ್ಸವದ ಈ ಶುಭದಿನದಂದು ನಮ್ಮೆಲ್ಲರ ವಂದನೆಗಳು.